ಓದುಗರ ಪ್ರಶ್ನೆ: ಹೆಸರಿಲ್ಲದ ಕೈಗಳು ಅಚ್ಚೊತ್ತಿದ ಸಂತರ ಪಟಗಳು

ಪ್ರಶ್ನೆ: ಖ್ಯಾತ ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್‌ಗಿಂತ ಬಹಳ ಹಿಂದೆಯೇ ಜರ್ಮನಿಯಲ್ಲಿ ಸಂತರ ಪಟಗಳನ್ನು ಮರದಚ್ಚಿನಿಂದ ಮುದ್ರಿಸುತ್ತಿದ್ದರೆಂದು ಓದಿದೆ. ಜನರಿಗೆ ಅವು ಯಾತಕ್ಕಾಗಿ ಬೇಕಿದ್ದವು? ಅವುಗಳ ಮೇಲೆ ಕಲಾವಿದರ ಹೆಸರು ಏಕಿಲ್ಲ? ಇಂದು ಉಳಿದಿರುವುದು ಇಷ್ಟು ಕಡಿಮೆ ಏಕೆ?

ಉತ್ತರ: ಒಂದೇ ಒಂದು ಹಾಳೆಯನ್ನು ಮುಂದಿಟ್ಟುಕೊಂಡರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಹುಡುಕಬಹುದು. ದಕ್ಷಿಣ ಜರ್ಮನಿಯ ಮೆಮ್ಮಿಂಗೆನ್ ಪಟ್ಟಣದ ಸಮೀಪವಿರುವ ಬುಕ್ಸ್‌ಹೈಮ್ ಮಠದಲ್ಲಿ ದೊರೆತ ಸಂತ ಕ್ರಿಸ್ತೋಫರನ ಪಟವದು. ಎತ್ತರ ಮೂವತ್ತು ಸೆಂಟಿಮೀಟರಿಗೂ ತುಸು ಕಡಿಮೆ. ದೈತ್ಯದೇಹದ ಕ್ರಿಸ್ತೋಫರ್ ಮರದ ಕಾಂಡವನ್ನೇ ಊರುಗೋಲಾಗಿ ಹಿಡಿದು, ಬಾಲಯೇಸುವನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟುತ್ತಿದ್ದಾನೆ. ಎಡದಂಡೆಯಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಯಿದೆ, ಮೂಟೆ ಹೊತ್ತು ಏರು ಹತ್ತುತ್ತಿರುವ ರೈತನಿದ್ದಾನೆ. ಬಲದಂಡೆಯಲ್ಲಿ ಸನ್ಯಾಸಿಯೊಬ್ಬ ಲಾಂದ್ರ ಎತ್ತಿ ಹಿಡಿದು ದಾರಿ ತೋರುತ್ತಿದ್ದಾನೆ, ಅವನ ಕೆಳಗೆ ಬಿಲದ ಬಾಯಲ್ಲಿ ಪುಟ್ಟ ಮೊಲ. ಚಿತ್ರದ ಅಡಿಯಲ್ಲಿ ಲ್ಯಾಟಿನ್ ಭಾಷೆಯ ಎರಡು ಸಾಲುಗಳಿವೆ: ಯಾವ ದಿನ ನೀನು ಕ್ರಿಸ್ತೋಫರನ ಮುಖವನ್ನು ನೋಡುವೆಯೋ ಆ ದಿನ ನಿನಗೆ ದುರ್ಮರಣ ಬಾರದು. ಅದರ ಜೊತೆಗೇ 1423 ಎಂಬ ಇಸವಿಯನ್ನೂ ಕೆತ್ತಲಾಗಿದೆ.

ಇಲ್ಲಿ ದುರ್ಮರಣವೆಂದರೆ ಪಾಪನಿವೇದನೆ ಮಾಡಿಕೊಳ್ಳಲೂ ಅವಕಾಶ ಸಿಗದೆ, ಪಾದ್ರಿಯ ಕೈಯಿಂದ ಕೊನೆಯ ಸಂಸ್ಕಾರವೂ ದೊರೆಯದೆ ಹಠಾತ್ತನೆ ಬರುವ ಸಾವು. ಪ್ಲೇಗು ಮರಳಿ ಮರಳಿ ಬರುತ್ತಿದ್ದ ಆ ಕಾಲದ ಜನರಿಗೆ ಅದಕ್ಕಿಂತ ದೊಡ್ಡ ಭಯವಿರಲಿಲ್ಲ. ಆದ್ದರಿಂದ ಈ ಪಟವನ್ನು ಚೆಂದಕ್ಕಾಗಿ ಕೊಂಡದ್ದೆಂದು ತಿಳಿದರೆ ಅದರ ಜೀವಾಳವೇ ನಮ್ಮ ಕೈತಪ್ಪುತ್ತದೆ. ಬೆಳಗ್ಗೆ ಎದ್ದು ನೋಡಬೇಕಾದ ಮುಖ ಅದು, ನೋಡುವುದೇ ರಕ್ಷೆ. ಚರ್ಚಿನ ಗೋಡೆಯ ಮೇಲೆ ದೊಡ್ಡದಾಗಿ ಬರೆಸುತ್ತಿದ್ದ ಕ್ರಿಸ್ತೋಫರನನ್ನು ಕಾಗದದ ಹಾಳೆ ಮನೆಯೊಳಕ್ಕೂ ಮಠದ ಕೋಣೆಯೊಳಕ್ಕೂ ತಂದಿತು.

ಇದು ಸಾಧ್ಯವಾದದ್ದು ಕಾಗದ ಸುಲಭವಾಗಿ ದೊರೆಯತೊಡಗಿದ್ದರಿಂದ. ಉಲ್ಮಾನ್ ಸ್ಟ್ರೋಮರ್ ಎಂಬ ವರ್ತಕ ನ್ಯೂರೆಂಬರ್ಗ್ ನಗರದ ಹೊರಗೆ ಕಾಗದದ ಗಿರಣಿ ಆರಂಭಿಸಿದ್ದು 1390ರಲ್ಲಿ. ಇನ್ನು ಪಟ ತಯಾರಿಸುವ ಕ್ರಮವನ್ನು ನೋಡಿದರೆ, ಹಲಗೆಯ ಮೇಲೆ ಚಿತ್ರ ಬರೆದು, ಗೆರೆಗಳನ್ನು ಮಾತ್ರ ಉಬ್ಬಾಗಿ ಉಳಿಸಿ ಮಿಕ್ಕ ಮರವನ್ನೆಲ್ಲ ಕೆತ್ತಿ ತೆಗೆಯುತ್ತಿದ್ದರು. ಉಬ್ಬುಗೆರೆಗಳಿಗೆ ಮಸಿ ಹಚ್ಚಿ ಹಾಳೆಗೆ ಅಚ್ಚೊತ್ತಿ, ಆಮೇಲೆ ಕೈಯಿಂದ ಬಣ್ಣ ತುಂಬುತ್ತಿದ್ದರು. ಬರೆದವನೊಬ್ಬ, ಕೆತ್ತಿದವನೊಬ್ಬ, ಬಣ್ಣ ತುಂಬಿದವನು ಮತ್ತೊಬ್ಬ ಆಗಿರುತ್ತಿದ್ದುದೂ ಉಂಟು. ಭಕ್ತನಿಗೆ ಬೇಕಾದದ್ದು ಸಂತನ ಗುರುತೇ ಹೊರತು ಕುಶಲಕರ್ಮಿಯ ಗುರುತಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಇದೇ.

ಹೆಸರು ಮೂಡತೊಡಗಿದ್ದು ಮುಖ್ಯವಾಗಿ ತಾಮ್ರದ ತಗಡಿನ ಮೇಲೆ ಕೊರೆದ ಚಿತ್ರಗಳಲ್ಲಿ. ಐನ್‌ಸೀಡೆಲ್ನ್ ಎಂಬ ಸ್ವಿಟ್ಜರ್ಲೆಂಡಿನ ಯಾತ್ರಾಸ್ಥಳದ, ಯೇಸುವಿನ ತಾಯಿ ಮರಿಯಮ್ಮನ ಪಟಗಳನ್ನು 1466ರಲ್ಲಿ ಕೊರೆದವನನ್ನು ನಾವು ಬಲ್ಲದ್ದು ಅವನು ಬಿಟ್ಟುಹೋದ ‘ಇ. ಎಸ್.’ ಎಂಬ ಎರಡಕ್ಷರದಿಂದಷ್ಟೇ. ಅನಂತರ ಕೋಲ್ಮಾರ್ ನಗರದಲ್ಲಿದ್ದ ಚಿತ್ರಕಾರ ಮಾರ್ಟಿನ್ ಶೋನ್‌ಗಾವರ್ ತನ್ನ ಚಿತ್ರಗಳಿಗೆ ತನ್ನ ಹೆಸರಿನ ಮೊದಲಕ್ಷರಗಳನ್ನು ಹಾಕಿದ. ಅವನನ್ನು ಕಾಣಬೇಕೆಂದು ತರುಣ ಡ್ಯೂರರ್ 1492ರಲ್ಲಿ ಅಲ್ಲಿಗೆ ಹೋದಾಗ ಅವನು ತೀರಿಕೊಂಡು ವರ್ಷವಾಗಿತ್ತು. ಆ ಇಬ್ಬರೂ ಭೇಟಿಯಾಗಲಿಲ್ಲವಲ್ಲ ಎಂದು ನನಗೆ ಇಂದಿಗೂ ಅನಿಸುತ್ತದೆ. 1498ರಲ್ಲಿ ಡ್ಯೂರರ್ ಬೈಬಲಿನ ಪ್ರಕಟನಾ ಗ್ರಂಥಕ್ಕೆ ಹದಿನೈದು ಮರದಚ್ಚಿನ ಚಿತ್ರಗಳನ್ನು ರಚಿಸಿ ತಾನೇ ಪ್ರಕಟಿಸಿದಾಗ ಪ್ರತಿಯೊಂದರಲ್ಲೂ ಅವನ ಮುದ್ರೆಯಿತ್ತು. ಅಲ್ಲಿಂದ ಮುಂದೆ ಜನರು ಸಂತನ ಜೊತೆಗೆ ಡ್ಯೂರರನನ್ನೂ ಕೊಳ್ಳತೊಡಗಿದರು.

ಕೊನೆಯದಾಗಿ, ಉಳಿವಿನ ಮಾತು. ಗೋಡೆಗೆ, ಬಾಗಿಲಿಗೆ, ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದ ಹಾಳೆ ಹೊಗೆಗೆ ಕಪ್ಪಾಗಿ, ತೇವಕ್ಕೆ ಕೊಳೆತು, ದಿನದಿನದ ಬಳಕೆಯಲ್ಲೇ ಸವೆದುಹೋಯಿತು. ಬುಕ್ಸ್‌ಹೈಮಿನ ಕ್ರಿಸ್ತೋಫರ್ ಉಳಿದದ್ದು, ಯಾರೋ ಅದನ್ನು 1417ರ ಲ್ಯಾಟಿನ್ ಕೈಬರಹದ ಪುಸ್ತಕವೊಂದರ ರಟ್ಟಿನ ಒಳಮೈಗೆ ಅಂಟಿಸಿದ್ದರಿಂದ. ಆ ಅಚ್ಚಿನ ಬೇರೊಂದು ಮೂಲಪ್ರತಿ ಈವರೆಗೆ ದೊರೆತಿಲ್ಲ. ಹದಿನೆಂಟನೆಯ ಶತಮಾನದಲ್ಲಿ ವಿದ್ವಾಂಸರ ಕಣ್ಣಿಗೆ ಬಿದ್ದ ಆ ಪುಸ್ತಕ ಈಗ ಮ್ಯಾಂಚೆಸ್ಟರ್‌ನ ಜಾನ್ ರೈಲೆಂಡ್ಸ್ ಗ್ರಂಥಾಲಯದಲ್ಲಿದೆ. ಅದರ ಇನ್ನೊಂದು ರಟ್ಟಿನ ಒಳಗೆ, ಮರಿಯಮ್ಮನಿಗೆ ದೇವದೂತ ಶುಭವಾರ್ತೆ ತರುವ ಮತ್ತೊಂದು ಪಟವೂ ಹಾಗೆಯೇ ಅಂಟಿಕೊಂಡು ಉಳಿದಿತ್ತು.