ಮೂವತ್ತೊಂದು ಮಂದೀದು ಒಂದೇ ಕೇಸ್ ಹಾಕಬಹುದಾ?

ಪ್ರಶ್ನೆ: ವಕೀಲ್ರ, ನಮಸ್ಕಾರ. ನಾವು ಕೊಪ್ಪಳ ತಾಲ್ಲೂಕಿನವ್ರು. ನಮ್ಮಪ್ಪ 24 ವರ್ಷ ಗುತ್ತಿಗೆದಾರ್ರ ಕೈಕೆಳಗ ಬಾಯ್ಲರ್ ಪೈಪಿಗೆ ಲ್ಯಾಗಿಂಗ್ (ಕಾವು ಹೊರಗ ಹೋಗದಂಗ ಹೊದಿಕೆ) ಸುತ್ತೋ ಕೆಲ್ಸ ಮಾಡ್ಯಾನ, ಹಳೇ ಆಸ್ಬೆಸ್ಟಾಸ್ ಹಗ್ಗ ಕಿತ್ತಿ ಹೊಸಾದು ಹಾಕೋದು. ನಾಕು ಮಂದಿ ಗುತ್ತಿಗೆದಾರ್ರು ಬದಲಾದ್ರು. ದಮ್ಮು ಹತ್ತಿ ಹೋದ ದಸರಾಕ್ಕ ಕೆಲ್ಸ ಬಿಟ್ಟ. ಮೊದ್ಲು ಟಿಬಿ ಅಂತ ಆರ್ ತಿಂಗ್ಳು ಗುಳಿಗಿ ನುಂಗಿಸಿದ್ರು, ಈಗ ಬಳ್ಳಾರಿಯಾಗ ಸ್ಕ್ಯಾನ್ ಮಾಡಿ ಆಸ್ಬೆಸ್ಟೋಸಿಸ್, ಅಂದ್ರ ಆಸ್ಬೆಸ್ಟಾಸ್ ಧೂಳಿನಿಂದ ಬರೋ ಶ್ವಾಸಕೋಶದ ರೋಗ, ಅಂದಾರ. ಇದೇ ಕೆಲ್ಸ ಮಾಡಿದೋರು ನಮ್ಮೂರು ಬಾಜೂ ಊರು ಸೇರಿ 31 ಮಂದಿ ಅದಾರ. ಒಬ್ರು ಬಂದು, ಎಲ್ರದೂ ಒಂದೇ ಕ್ಯಾಂಪ್‌ನಾಗ ಎಕ್ಸ್‌ರೇ ತೆಗೆಸಿ ಒಂದೇ ಕೇಸ್ ಹಾಕೋಣು, ಅಮೆರಿಕಾದಾಗ ಹಿಂಗೇ ಹಾಕಿ ಕೋಟಿಗಟ್ಲೆ ತಗೊಂಡಾರ, ತಲಿಗೆ ಎರಡೆರಡು ಸಾವ್ರ ಕೊಡ್ರಿ ಅಂತಾರ. ಕೊಡಬೇಕೇನ್ರಿ?

ಉತ್ತರ: ರೊಕ್ಕ ಕೊಡಬ್ಯಾಡ್ರಿ ತಮ್ಮಾ. ಅಮೆರಿಕಾದ ಮಾತು ಬಂತಲ್ಲ, ಅಲ್ಲಿ ಏನಾತು ಅಂತ ಹೇಳ್ತೀನಿ, ಅದರಾಗ ನಿಮಗ ಬೇಕಾದ ಉತ್ತರ ಐತಿ.

ಅಲ್ಲಿ ದಾರಿ ತೆಗೆದ ಮನುಷ್ಯಾನೂ ನಿಮ್ಮಪ್ಪನಂಗ ಲ್ಯಾಗಿಂಗ್ ಕೆಲ್ಸದವನೇ. ಕ್ಲಾರೆನ್ಸ್ ಬೋರೆಲ್ ಅಂತ, 1936ರಿಂದ 1969ರ ತನಕ ಅದೇ ಧೂಳು ಕುಡಿದಾತ. 1973ರಾಗ ಅವನ ಪರವಾಗಿ ತೀರ್ಪು ಬಂತು, ಮಾಲು ತಯಾರ ಮಾಡಿದ ಕಂಪನಿಗಳು ಅಪಾಯ ಐತಿ ಅಂತ ಎಚ್ಚರ ಕೊಡಬೇಕಿತ್ತು ಅಂತ, ಆದ್ರ ಅಷ್ಟೊತ್ತಿಗೆ ಬೋರೆಲ್ ತೀರಿಕೊಂಡಿದ್ದ. ಆಮ್ಯಾಲೆ ಸಾವಿರ ಸಾವಿರ ಕೇಸ್ ಬಿದ್ವು. 1991ರಾಗ ಫೆಡರಲ್ ಕೋರ್ಟುಗಳಾಗ (ಅಲ್ಲಿನ ಕೇಂದ್ರ ಸರ್ಕಾರದ ಕೋರ್ಟುಗಳು) ಇದ್ದ 26 ಸಾವಿರಕ್ಕೂ ಹೆಚ್ಚು ಕೇಸನ್ನ ಫಿಲಡೆಲ್ಫಿಯಾದ ಒಬ್ಬ ಜಡ್ಜ್ ಮುಂದ ಹಾಕಿದ್ರು. ಇಲ್ಲೇ ಮಂದಿ ತಪ್ಪು ತಿಳ್ಕೊಳ್ಳೋದು. 26 ಸಾವಿರಾನೂ ಕೂಡಿ ಒಂದು ಕೇಸ್ ಆಗ್ಲಿಲ್ಲ. ಕಂಪನಿ ಕಾಗದ ತರಿಸೋದು, ಎಲ್ರಿಗೂ ಬೇಕಾದ ಸಾಕ್ಷಿಗಳ್ನ ಪದೇ ಪದೇ ಕರೀದೆ ವಿಚಾರಿಸೋದು, ಇಂಥ ಕೆಲ್ಸ ಅಷ್ಟೇ ಒಂದ್ಕಡೆ ಕೂಡಿಸಿದ್ರು. ಯಾರಿಗೆ ಎಷ್ಟು ರೋಗ, ಯಾರ ಮಾಲಿನಿಂದ ಅನ್ನೋದು ಮಾತ್ರ ಒಬ್ಬೊಬ್ರದೂ ಬ್ಯಾರೆ ಬ್ಯಾರೇನೇ ಉಳೀತು.

ಎಲ್ರನ್ನೂ ಒಂದೇ ಗಂಟಿನಾಗ ಕಟ್ಟಾಕ ಹೋದಾಗ ಏನಾತು ಗೊತ್ತೇನ್ರಿ? ಎಕ್ಸ್‌ರೇದಾಗ ಸಣ್ಣ ಕಲೆ ಇದ್ದು ಗಟ್ಟಿಮುಟ್ಟಾಗಿ ಓಡಾಡೋ ಮಂದಿ ಸಾವಿರಗಟ್ಲೆ ಸರದಿಯಾಗ ನಿಂತ್ರು, ಉಸಿರಿಗೆ ಒದ್ದಾಡೋರು ಅವರ ಹಿಂದ ಬಿದ್ರು. ಜಾನ್ಸ್-ಮ್ಯಾನ್ವಿಲ್ ಅನ್ನೋ ದೊಡ್ಡ ಆಸ್ಬೆಸ್ಟಾಸ್ ಕಂಪನಿ 1982ರಾಗ ದಿವಾಳಿ ಅರ್ಜಿ ಹಾಕ್ತು, ಪರಿಹಾರಕ್ಕಂತ ಒಂದು ಟ್ರಸ್ಟ್ ಮಾಡಿದ್ರು, ಅದರಾಗಿನ ರೊಕ್ಕಾನೂ ಸಾಲ್ದೆ 1995ರಿಂದ 100ಕ್ಕೆ 10ರಂಗ, 2001ರಿಂದ 100ಕ್ಕೆ ಬರೇ 5ರಂಗ ಕೊಟ್ರು. ಸಾಯೋ ಮನುಷ್ಯಾಗ ಹಕ್ಕಿನ ಇಪ್ಪತ್ತನೇ ಪಾಲು! ಓದಿದಾಗೆಲ್ಲ ನನಗ ಹೊಟ್ಟಿಯಾಗ ಸಂಕಟ ಆಗ್ತದ.

ಅದಕ್ಕ ಅಲ್ಲಿನ ಮ್ಯಾಸಚುಸೆಟ್ಸ್ ರಾಜ್ಯದ ಕೋರ್ಟು 1986ರಾಗ, ಬಾಲ್ಟಿಮೋರ್ ನಗರದ ಕೋರ್ಟು 1992ರಾಗ ಒಂದು ಉಪಾಯ ಮಾಡಿದ್ವು, ನನಗ ಭಾಳ ಸರಿ ಅನ್ನಿಸಿದ್ದು ಇದೇ. ರೋಗ ಇನ್ನೂ ಕಾಣದಿದ್ದೋರ ಹೆಸರು ಬ್ಯಾರೆ ರಿಜಿಸ್ಟರಿನಾಗ ಬರಕೊಂಡು ಇಟ್ರು, ಅವಧಿ ಮೀರ್ತು ಅಂತ ಅವರ ಹಕ್ಕು ಹೋಗಂಗಿಲ್ಲ, ಮುಂದ ರೋಗ ಬಂದ್ರ ಆವಾಗ ಕೇಸ್ ನಡೀತದ. ಸರದಿಯಾಗ ಮೊದ್ಲು ರೋಗಿಗಳು. 1997ರಾಗ ಆಮ್‌ಕೆಮ್ ಕೇಸಿನಾಗ ಅಲ್ಲಿನ ಸುಪ್ರೀಂ ಕೋರ್ಟೂ ಹೇಳ್ತು, ಈಗ ರೋಗ ಇದ್ದೋರ ಹಿತ ಬ್ಯಾರೆ, ಧೂಳು ಅಷ್ಟೇ ಕುಡಿದೋರ ಹಿತ ಬ್ಯಾರೆ, ಇಬ್ರನ್ನೂ ಒಂದೇ ರಾಜಿಗೆ ಹಾಕಬ್ಯಾಡ್ರಿ ಅಂತ.

ಇನ್ನ ಆ ಕ್ಯಾಂಪ್ ವಿಚಾರ. 2005ರಾಗ ಟೆಕ್ಸಾಸ್‌ನಾಗ ಸಿಲಿಕೋಸಿಸ್ (ಕಲ್ಲು, ಮರಳಿನ ಧೂಳಿನಿಂದ ಬರೋ ಶ್ವಾಸಕೋಶದ ರೋಗ) ಕೇಸುಗಳು ಹಿಂಗೇ ಸಾವಿರಗಟ್ಲೆ ಬಂದಾಗ ಜಾನಿಸ್ ಜ್ಯಾಕ್ ಅನ್ನೋ ಜಡ್ಜ್ ಕಡತ ಬಿಚ್ಚಿ ನೋಡಿದ್ರ, 9 ಸಾವಿರಕ್ಕೂ ಹೆಚ್ಚು ಮಂದಿಗೆ ರೋಗ ಐತಿ ಅಂದಿದ್ದು ಬರೇ 12 ಡಾಕ್ಟರ್ರು, ಎಲ್ಲ ವಕೀಲರ ದುಡ್ಡಿನ ಸ್ಕ್ರೀನಿಂಗ್. ಅದರಾಗ ಖರೇ ರೋಗಿಗಳ ಮಾತೂ ಮಣ್ಣು ಮುಕ್ಕಿತು. ನಿಮ್ಮ 31 ಮಂದಿಗೂ ಒಂದೇ ದಿನ ಒಂದೇ ಥರದ ಸರ್ಟಿಫಿಕೇಟ್ ಬಂದ್ರ ಎದುರು ವಕೀಲ ಬಿಡ್ತಾನೇನ್ರಿ?

ನಿಮ್ಮ ಕೇಸಿಗೆ ಬರೂಣು. ಅಪ್ಪನ ಹೆಸರು ಇಎಸ್‌ಐದಾಗ (ಕಾರ್ಮಿಕರ ಸರ್ಕಾರಿ ವಿಮೆ) ಇತ್ತಂದ್ರ ಕೋರ್ಟಿಗಲ್ಲ, ಇಎಸ್‌ಐ ಕಡೇನೇ ಹೋಗಬೇಕು. ಇರ್ಲಿಲ್ಲಂದ್ರ 1923ರ ಪರಿಹಾರ ಕಾಯ್ದೆ, ಈಗ ಅದನ್ನ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗ ಸೇರಿಸ್ಯಾರ. ಆಸ್ಬೆಸ್ಟೋಸಿಸ್ ಅದರ ರೋಗಗಳ ಪಟ್ಟಿಯಾಗ ಐತಿ. ನಾಕು ಗುತ್ತಿಗೆದಾರ್ರ ಪೈಕಿ ಯಾರಿಂದ ರೋಗ ಬಂತು ಅಂತ ತಲಿ ಕೆಡಿಸ್ಕೋಬ್ಯಾಡ್ರಿ, 1923ರ ಕಾಯ್ದೆ ಕಲಂ 3(2ಎ) ಪ್ರಕಾರ ಎಲ್ಲಾ ಮಾಲಕ್ರೂ ಹೊಣೆ, ಯಾರ ಪಾಲು ಎಷ್ಟು ಅನ್ನೋದು ಪರಿಹಾರದ ಅರ್ಜಿ ವಿಚಾರಿಸೋ ಕಮಿಷನರ್ ಗೊತ್ತು ಮಾಡ್ತಾರ. ಗುತ್ತಿಗೆದಾರ ಓಡಿ ಹೋಗಿದ್ರೂ ಅದೇ ಕಾಯ್ದೆ ಕಲಂ 12ರಾಗ ಮೂಲ ಫ್ಯಾಕ್ಟರಿ ಕೊಟ್ಟು ಆಮ್ಯಾಲೆ ಅವನ ಕಡೆ ವಸೂಲಿ ಮಾಡ್ಕೊಬೇಕು. ಅವಧಿ ಎರಡು ವರ್ಷ, ಖರೇ ಕಾರಣ ಇದ್ರ ತಡಾ ಮನ್ನಾ ಆಗ್ತದ, ಆದ್ರ ಅದನ್ನ ನಂಬಿ ಕುಂದರಬ್ಯಾಡ್ರಿ. ಟಿಬಿ ಅಂದ ಚೀಟಿನೂ ಇಡ್ರಿ, ತಡಾ ಯಾಕಾತು ಅನ್ನಾಕ ಅದೇ ಸಾಕ್ಷಿ.

ಹಂಗಾಗಿ ದಮ್ಮು ಹತ್ತಿದೋರು ತಮ್ಮ ತಮ್ಮ ಅರ್ಜಿ ಬ್ಯಾರೆ ಬ್ಯಾರೆ ಹಾಕ್ರಿ, ಒಂದೇ ಕಡೆ ಇದ್ರ ಕೂಡಿಸಿ ಕೇಳ್ರಿ ಅಂತ ಮನವಿ ಕೊಡ್ರಿ. ಉಳಿದೋರು ಈಗ ಒಂದು ಎಕ್ಸ್‌ರೇ, ಒಂದು ಉಸಿರಿನ ಟೆಸ್ಟ್ ಮಾಡಿಸಿ ಎತ್ತಿಡ್ರಿ, ಈ ರೋಗ ಹತ್ತಿಪ್ಪತ್ತು ವರ್ಷ ಬಿಟ್ಟೂ ಬರ್ತದ. ಕೂಡಿ ಮಾಡೋ ಕೆಲ್ಸ ಅಂದ್ರ ಕಾಗದದ್ದು. ಗೇಟ್ ಪಾಸ್, ಪಿಎಫ್ ನಂಬರ್, ಹಾಜರಿ ಚೀಟಿ, ಮೇಸ್ತ್ರಿ ಕೈಬರಹ, ಯಾರು ಯಾವ ವರ್ಷ ಯಾವ ಬಾಯ್ಲರಿನಾಗ ಇದ್ರು ಅಂತ 31 ಮಂದಿ ಕುಂತು ಒಂದು ನೋಟ್‌ಬುಕ್ಕಿನಾಗ ಬರೀರಿ, ಒಬ್ಬನ ನೆನಪು ಇನ್ನೊಬ್ಬಗ ಸಾಕ್ಷಿ ಆಗ್ತದ. ನಮ್ಮ ಸುಪ್ರೀಂ ಕೋರ್ಟ್ 1995ರ ಜನವರಿಯಾಗ ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆ ಕೆಲ್ಸಕ್ಕ ಸೇರಿದಾಗಿಂದ 40 ವರ್ಷ, ಇಲ್ಲಾ ಬಿಟ್ಟಮ್ಯಾಲೆ 15 ವರ್ಷ, ಯಾವುದು ಆಮ್ಯಾಲೆ ಬರ್ತದೋ ಅಲ್ಲೀತನಕ ಇಡಬೇಕು ಅಂದದ, ಅದನ್ನ ಹೆಸರಿಸಿ ಫ್ಯಾಕ್ಟರಿಗೆ ಪತ್ರ ಬರೀರಿ. ವಕೀಲ ಬೇಕಂದ್ರ ಕೊಪ್ಪಳ ಕೋರ್ಟಿನಾಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ, ಕಾರ್ಮಿಕರಿಗೆ ಪುಕ್ಕಟೆ.

ಮತ್ತ ಅಪ್ಪನ ಹೇಳಿಕೆ ತಡಾ ಮಾಡಬ್ಯಾಡ್ರಿ. ಕೋರ್ಟಿಗೆ ಬರಾಕ ಆಗದ ರೋಗಿ ಇದ್ರ ಸಿವಿಲ್ ಪ್ರೊಸೀಜರ್ ಕೋಡ್ ಆರ್ಡರ್ 26ರ ಪ್ರಕಾರ ಸಾಕ್ಷಿ ಬರಕೊಳ್ಳಾಕಂತ ಬ್ಯಾರೆ ಒಬ್ಬ ಕಮಿಷನರನ್ನ ನೇಮಿಸಿ ಮನ್ಯಾಗೇ ಸಾಕ್ಷಿ ಬರೆಸಬಹುದು. ಮೂಲ ಅರ್ಜಿ ಜೋಡಿನೇ ಅದನ್ನೂ ಕೇಳ್ರಿ, ಅವರು ಮಾತಾಡೋ ಶಕ್ತಿ ಇರೋವಾಗ್ಲೇ.