ಬರೆದು ಕೇಳು, ತಮ್ಮಾ

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಬ್ರಿಟನ್ನಿಗೆ ಬಂದು ಮೂರು ತಿಂಗಳಾಯ್ತು, ಬೆಳಿಗ್ಗೆ 7ಕ್ಕೆ ಶುರು ಮಾಡಿ 3ಕ್ಕೆ ಕೆಲಸ ಮುಗಿಸಬೇಕು, ಶುಕ್ರವಾರ ಮನೆಯಿಂದ ಮಾಡಬೇಕು, ಹೊಸಬ ಇಷ್ಟು ಬೇಗ ಕೇಳಿದರೆ ಮ್ಯಾನೇಜರ್ ಏನಂದುಕೊಳ್ಳುತ್ತಾರೋ ಅಂತ ನಿನ್ನ ಚಿಂತೆ. ಚಳಿ, ಬಾಡಿಗೆ ಮನೆ ಬಗ್ಗೆಯೂ ಕೇಳಿದ್ದೀಯ. ಚಳಿ ಅಭ್ಯಾಸವಾಗುತ್ತದೆ. ಮನೆ ಆಫೀಸಿಗೆ ಹತ್ತಿರ ಇರಲಿ. ಅಷ್ಟೇ.

ಕೆಲಸದ ವಿಷಯ ಧಾರಾಳವಾಗಿ ಕೇಳಬಹುದು. 2024ರ ಏಪ್ರಿಲ್ 6ರಿಂದ ಇಲ್ಲಿ ಕೆಲಸದ ಹೊತ್ತು, ಜಾಗ ಬದಲಿಸಿ ಅಂತ ಸೇರಿದ ಮೊದಲ ದಿನವೇ ಕೇಳುವ ಹಕ್ಕಿದೆ. ನಾನು 2007ರಲ್ಲಿ ಬಂದಾಗ ಹೀಗಿರಲಿಲ್ಲ. ಚಿಕ್ಕ ಮಕ್ಕಳಿರುವವರು, ಮನೆಯವರ ಆರೈಕೆ ಮಾಡುವವರು ಮಾತ್ರ ಕೇಳಬಹುದಿತ್ತು. ಎಲ್ಲರಿಗೂ ಸಿಕ್ಕಿದ್ದು 2014ರಲ್ಲಿ, ಅದೂ 26 ವಾರ ದುಡಿದ ಮೇಲೆ. ನನಗಂತೂ ಮೇಲಿನವರ ಮುಂದೆ ನಿಂತು “ನನಗೆ ಇದು ಬೇಕು” ಅನ್ನೋದೇ ನಾಚಿಕೆ. ಆ ನಾಚಿಕೆ ಎಲ್ಲಿಂದ ಬಂತು ಅಂತ ನಿನಗೆ ಹೇಳಬೇಕಾಗಿಲ್ಲ, ಅಲ್ವಾ?

ಆದರೂ ಒಂದು ಸಲ ಧೈರ್ಯ ಮಾಡಿದೆ. ಕ್ರಿಸ್‌ಮಸ್ ಹೊತ್ತಿಗೆ ಡ್ಯೂಟಿಗೆ ಇರೋಕೆ ನಮ್ಮ ತಂಡದಲ್ಲಿ ಯಾರೂ ಒಪ್ಪುತ್ತಿರಲಿಲ್ಲ. “ಆ ಎರಡು ವಾರ ನಾನಿರುತ್ತೇನೆ. ಬೇಸಿಗೆಯಲ್ಲಿ ಆರು ವಾರ ಒಟ್ಟಿಗೆ ಊರಿಗೆ ಹೋಗೋಕೆ ಬಿಡಿ” ಅಂದೆ. ಮ್ಯಾನೇಜರ್ ಒಳ್ಳೆಯವರು. ನಕ್ಕು, ಆಯ್ತು ಅಂದರು. ಎರಡು ವರ್ಷ ಸಲೀಸಾಗಿ ನಡೆಯಿತು. ಯಾರಿಗೂ ಇಲ್ಲದ ಏರ್ಪಾಟು ನನಗಿದೆ ಅಂತ ಒಳಗೊಳಗೇ ಜಂಬ. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ.

ಮೂರನೇ ವರ್ಷದ ಕ್ರಿಸ್‌ಮಸ್ ಡ್ಯೂಟಿ ಮುಗಿಸಿದ್ದೆ. ಮಾರ್ಚಿನಲ್ಲಿ ಆ ಮ್ಯಾನೇಜರ್ ಕೆಲಸ ಬಿಟ್ಟರು. ಅವರ ಜಾಗಕ್ಕೆ ಬಂದವರು ಕೇಳಿದ್ದು ಒಂದೇ ಮಾತು: ಎಲ್ಲಿ ಬರೆದಿದೆ? ಒಂದು ಇಮೇಲೂ ಇರಲಿಲ್ಲ. ಪಕ್ಕದ ಸೀಟಿನವರು ನನ್ನ ಪರ ಒಂದು ಮಾತು ಆಡಬಹುದಿತ್ತು. ಆದರೆ ಅವರಿಗೆ ಗೊತ್ತಿದ್ದದ್ದು ಇಷ್ಟೇ: ಇವಳು ಬೇಸಿಗೆಯಲ್ಲಿ ಆರು ವಾರ ಮಾಯ, ಇವಳ ಕೆಲಸ ನಮ್ಮ ತಲೆಗೆ. ಕ್ರಿಸ್‌ಮಸ್‌ಗೆ ನಾನಿದ್ದದ್ದು ನನಗೆ ಆ ಹಬ್ಬ ಇಲ್ಲ ಅನ್ನೋ ಕಾರಣಕ್ಕೆ ಅಂದುಕೊಂಡಿದ್ದರು. ಅವರನ್ನು ದೂರಲಾರೆ.

ಎರಡೇ ವಾರ ರಜೆ ಸಿಕ್ಕಿತು. ಆ ಬೇಸಿಗೆಯಲ್ಲಿ ಅಪ್ಪನ ಎರಡೂ ಕಣ್ಣಿನ ಪೊರೆ ನಾನೇ ನಿಂತು ತೆಗೆಸುವುದಿತ್ತು. ಒಂದು ಕಣ್ಣಿಗೆ ಆಯ್ತು. ಇನ್ನೊಂದಕ್ಕೆ ಪಕ್ಕದ ಮನೆ ಹುಡುಗ ಕರೆದುಕೊಂಡು ಹೋದ. “ಎಲ್ಲ ಚೆನ್ನಾಗಾಯ್ತು ಬಿಡು” ಅಂದರು ಅಪ್ಪ, ಫೋನಿನಲ್ಲಿ.

ನೀನು ಬರೆದೇ ಕೇಳು. ತಾರೀಖು ಹಾಕು. ಇದು ಕಾನೂನಿನ ಪ್ರಕಾರದ ಕೋರಿಕೆ ಅಂತ ಮೊದಲ ಸಾಲಲ್ಲೇ ಹೇಳು. ಏನು ಬದಲಾಗಬೇಕು, ಯಾವತ್ತಿನಿಂದ, ಹಿಂದೆ ಕೇಳಿದ್ದೀಯಾ ಅನ್ನೋದೂ ಇರಲಿ. ಎರಡು ತಿಂಗಳೊಳಗೆ ಕಂಪನಿಯವರು ತೀರ್ಮಾನ ಹೇಳಬೇಕು. ಇಲ್ಲ ಅನ್ನುವ ಮೊದಲು ನಿನ್ನ ಜೊತೆ ಮಾತಾಡಬೇಕು. ಖರ್ಚು ಜಾಸ್ತಿ, ಗ್ರಾಹಕರಿಗೆ ತೊಂದರೆ, ಹೀಗೆ ಕಾನೂನಿನಲ್ಲಿರುವ 8 ಕಾರಣಗಳಲ್ಲಿ ಒಂದನ್ನಾದರೂ ಕೊಡಬೇಕು. 12 ತಿಂಗಳಲ್ಲಿ ಎರಡು ಸಲ ಕೇಳಬಹುದು. ಒಪ್ಪಿದರೆ ಕರಾರೇ ಬದಲಾಗುತ್ತದೆ, ಬೇಡ ಅನ್ನಿಸಿದಾಗ ಸುಮ್ನೆ ಹಳೆಯದಕ್ಕೆ ಮರಳೋಕಾಗಲ್ಲ. ಅದಕ್ಕೇ “ಮೊದಲು ಮೂರು ತಿಂಗಳು ಮಾಡಿ ನೋಡೋಣ” ಅನ್ನು.

ವೀಸಾ ಕೊಡಿಸಿದ್ದು ಕಂಪನಿಯಾದರೆ ಗಂಟೆ ಮಾತ್ರ ಕಡಿಮೆ ಮಾಡಿಸಬೇಡ. ಸಂಬಳ ವೀಸಾದ ಮಿತಿಗಿಂತ ಕೆಳಗಿಳಿದರೆ ಕಷ್ಟ. ಶುಕ್ರವಾರದ ವಿಷಯ ಎಚ್‌ಆರ್‌ಗೂ ತಿಳಿಸಿಬಿಡು. ಮತ್ತೆ ಪಕ್ಕದ ಸೀಟಿನವರಿಗೆ ನೀನೇ ಹೇಳು, ಬೆಳಿಗ್ಗೆ 7ರಿಂದ ಇರ್ತೀನಿ ಅಂತ. 3ಕ್ಕೆ ನೀನು ಎದ್ದು ಹೋಗೋದು ಮಾತ್ರ ಅವರ ಕಣ್ಣಿಗೆ ಬೀಳೋದು.

ಯಾಕೆ ಬೇಕು ಅಂತ ಕಾರಣ ಬರೆಯಬೇಕಿಲ್ಲ. ನನಗೆ ಗೊತ್ತು. ಇಲ್ಲಿ 3 ಅಂದರೆ ಊರಲ್ಲಿ ಬೇಸಿಗೆಯಲ್ಲಿ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಇನ್ನೂ ಯಾರೂ ಮಲಗಿರುವುದಿಲ್ಲ.