ನೆರಳಿಲ್ಲದ ದಿನ ನೋಡುವಂಥದ್ದಾ, ಸುಮ್ನೆ ಟಿವಿಯವರ ಅಬ್ಬರವಾ?

ಏಪ್ರಿಲ್ ಕೊನೆ ಬಂತೆಂದರೆ "ಇಂದು ಬೆಂಗಳೂರಿನಲ್ಲಿ ನೆರಳೇ ಮಾಯ" ಅಂತ ಸುದ್ದಿ ಬರುತ್ತದಲ್ಲ, ಅದು ನಿಜಕ್ಕೂ ಅಪರೂಪವಾ, ಆಫೀಸಿನಲ್ಲಿ ಸೀಟು ಬಿಟ್ಟು ಎದ್ದು ಹೋಗುವಷ್ಟು ಏನಾದರೂ ಇದೆಯಾ ಅಂತ ಕೇಳಿದ್ದೀರಿ. ಅಪರೂಪ ಅಲ್ಲ. ಆದರೂ ಎದ್ದು ಹೋಗಿ ನೋಡಿ.

ಬೆಂಗಳೂರು ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿ. ಮಾರ್ಚ್ 20ರ ಹೊತ್ತಿಗೆ ಸೂರ್ಯ ಭೂಮಧ್ಯರೇಖೆಯ ಮೇಲೆ ಇರುತ್ತಾನೆ. ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಉತ್ತರಕ್ಕೆ ಸರಿದು ಜೂನ್ 21ಕ್ಕೆ 23.5 ಡಿಗ್ರಿ ಮುಟ್ಟುತ್ತಾನೆ. (ಸರಿಯುವುದು ಸೂರ್ಯ ಅಲ್ಲ, ಓರೆಯಾಗಿ ನಿಂತು ಸುತ್ತುವ ಭೂಮಿಯ ಕೆಲಸ ಇದು ಅಂತ ಗೊತ್ತು. ಹೀಗೆ ಹೇಳಿದರೆ ಮಾತು ಬೇಗ ಮುಗಿಯುತ್ತದೆ.) ಹೋಗುವ ದಾರಿಯಲ್ಲಿ ಏಪ್ರಿಲ್ 24-25ರ ಸುಮಾರಿಗೆ ನಮ್ಮ ಊರು ಸಿಗುತ್ತದೆ. ಆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗಿಕೊಳ್ಳುತ್ತದೆ.

ಹೋದವನು ವಾಪಸ್ ಬರಬೇಕಲ್ವಾ? ಬರುವಾಗಲೂ ಇದೇ ಊರಿನ ಮೇಲೆ ಹಾದುಹೋಗಬೇಕು. ಅದು ಆಗಸ್ಟ್ 18ರ ಆಸುಪಾಸು. ಏಪ್ರಿಲ್‌ನಲ್ಲಿ ಅಷ್ಟು ಕುಣಿದವರು ಆಗಸ್ಟ್‌ನಲ್ಲಿ ಹೆಚ್ಚಾಗಿ ತೆಪ್ಪಗಿರುತ್ತಾರೆ. ಮೋಡ ಇರುತ್ತದೆ ಅನ್ನುವುದು ಒಂದು ಕಾರಣ ಇರಬಹುದು, ಒಪ್ಪೋಣ. ಆದರೆ ನನ್ನ ತಕರಾರು ಇರುವುದು ಇಲ್ಲೇ. ಸೂರ್ಯ ಇಂಥ ಕೆಲಸವನ್ನು ವರ್ಷಕ್ಕೆ ಎರಡು ಸಲ ಮಾಡುತ್ತಾನೆ. ನಮ್ಮ ಸುದ್ದಿಯವರು ಅದರಲ್ಲಿ ಒಂದನ್ನು ಮಾತ್ರ ಹಿಡಿದುಕೊಂಡು "ಖಗೋಳ ಕೌತುಕ" ಅಂತ ಬ್ಯಾನರ್ ಹಾಕುತ್ತಾರೆ.

ಗವಿಪುರದ ಗವಿ ಗಂಗಾಧರೇಶ್ವರನ ಕಥೆಯೂ ಇದೇ. ನಾನಿರುವುದು ಪಕ್ಕದ ಹನುಮಂತನಗರದಲ್ಲಿ. ಸಂಕ್ರಾಂತಿ ದಿನ ಸಂಜೆ ಆ ಕಡೆ ಸ್ಕೂಟರ್ ತಿರುಗಿಸುವುದೇ ಕಷ್ಟ. ಕಿಟಕಿಯಿಂದ ಬಂದ ಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುವುದನ್ನು ನೋಡಲು ಜನ, ಅದನ್ನು ಲೈವ್ ತೋರಿಸಲು ಚಾನೆಲ್ ವ್ಯಾನುಗಳು. ಗುಹೆಯೊಳಗೆ ಅಷ್ಟು ಲೆಕ್ಕ ಹಾಕಿ ಬೆಳಕು ತಂದವರಿಗೆ ಕೈಮುಗಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ದಿನಗಳವರೆಗೂ ಇದೇ ಬೆಳಕು ಇದೇ ಲಿಂಗದ ಮೇಲೆ ಬೀಳುತ್ತದೆ. ಆಗ ನೆಹರೂ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಮತ್ತು ಜೊತೆಗಾರರು ಇದನ್ನು ಅಳೆದು, ಲೆಕ್ಕ ಹಾಕಿ 2008ರಲ್ಲೇ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದಿದ್ದಾರೆ. 1790ರ ದಶಕದಲ್ಲಿ ಇಲ್ಲಿಗೆ ಬಂದಿದ್ದ ಥಾಮಸ್ ಡೇನಿಯಲ್ ಎಂಬ ಚಿತ್ರಕಾರ ಬರೆದ ದೇವಸ್ಥಾನದ ಚಿತ್ರವನ್ನೂ ಈಗಿನ ಕಟ್ಟಡದ ಜೊತೆ ಹೋಲಿಸಿ ನೋಡಿದ್ದಾರೆ. ಹಾಗಾಗಿ ಸಂಕ್ರಾಂತಿಯ ನೂಕುನುಗ್ಗಲು ಆಗದವರು ನವೆಂಬರ್ ಕೊನೆಯ ಸಂಜೆ ಹೋಗಿ ನೋಡಬಹುದು.

ಈಗ ನೆರಳಿಗೆ ವಾಪಸ್ ಬರೋಣ. ಏಪ್ರಿಲ್‌ನಲ್ಲಿ ಅದು ನಡೆಯುವ ಸಮಯ ಮಧ್ಯಾಹ್ನ 12 ಗಂಟೆಗಲ್ಲ, ಸುಮಾರು 12.17ಕ್ಕೆ. ಇದೇ ನನಗೆ ಎಲ್ಲಕ್ಕಿಂತ ಇಷ್ಟದ ವಿಷಯ. ನಮ್ಮ ಗಡಿಯಾರಗಳಲ್ಲಿ ಇರುವುದು ಬೆಂಗಳೂರಿನ ಸಮಯವೇ ಅಲ್ಲ. ದೇಶಕ್ಕೆಲ್ಲ ಒಂದೇ ಸಮಯ ಬೇಕು ಅಂತ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆರಿಸಿಕೊಂಡರು. ಅದು ಹಾದುಹೋಗುವುದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ. ನಾವು ಅದರಿಂದ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಒಂದು ಡಿಗ್ರಿಗೆ 4 ನಿಮಿಷದ ಹಾಗೆ ನಮ್ಮ ನಿಜವಾದ ಮಧ್ಯಾಹ್ನ ಸುಮಾರು 20 ನಿಮಿಷ ತಡ. ಇದರ ಮೇಲೆ ಸೂರ್ಯನ ಗಡಿಯಾರ ವರ್ಷವಿಡೀ ಒಂದಷ್ಟು ನಿಮಿಷ ಹಿಂದೆ ಮುಂದೆ ಆಡುತ್ತಿರುತ್ತದೆ. ಏಪ್ರಿಲ್ ಕೊನೆಯಲ್ಲಿ ಎರಡು ನಿಮಿಷ ಮುಂದಿರುತ್ತದೆ, ಆಗಸ್ಟ್‌ನಲ್ಲಿ ನಾಲ್ಕು ನಿಮಿಷ ಹಿಂದೆ. ಅದಕ್ಕೇ ಆಗಸ್ಟ್‌ನಲ್ಲಿ ನೋಡಬೇಕಾದ ಸಮಯ 12.23. ಮಂಗಳೂರಿನವರಿಗೂ ಬಹುತೇಕ ನಮ್ಮದೇ ದಿನ, ಆದರೆ ಅವರು ಇನ್ನೂ 11 ನಿಮಿಷ ಕಾಯಬೇಕು.

ನೋಡುವುದು ಹೇಗೆ? ಫೋಟೋ ತೆಗೆಸಿಕೊಳ್ಳಲು ಬಿಸಿಲಲ್ಲಿ ಹೋಗಿ ನಿಂತರೆ ನಿರಾಸೆ ಗ್ಯಾರಂಟಿ. ಭುಜ, ಹೊಟ್ಟೆ ಎಲ್ಲಾ ಹೊರಗೆ ಚಾಚಿರುವುದರಿಂದ ಕಾಲಿನ ಸುತ್ತ ಒಂದು ಕಪ್ಪು ಮುದ್ದೆ ಇದ್ದೇ ಇರುತ್ತದೆ. ಒಂದು ಅಡಿ ಉದ್ದದ ಪ್ಲಂಬಿಂಗ್ ಪೈಪಿನ ತುಂಡು ತೆಗೆದುಕೊಳ್ಳಿ. ಮಟ್ಟಸವಾದ ತಾರಸಿಯಲ್ಲಿ ನೆಟ್ಟಗೆ ನಿಲ್ಲಿಸಿ. ಹನ್ನೆರಡಕ್ಕೆ ಪೈಪಿನ ಒಳಗೆ ಬಗ್ಗಿ ನೋಡಿದರೆ ತಳದಲ್ಲಿ ನೆರಳು ಇರುತ್ತದೆ. ನಿಧಾನಕ್ಕೆ ಬೆಳಕು ಗೋಡೆಯಿಂದ ಇಳಿದು ತಳಕ್ಕೆ ಬರುತ್ತದೆ. 12.17ರ ಹೊತ್ತಿಗೆ ಇಡೀ ತಳ ಬೆಳಗುತ್ತದೆ, ಸುತ್ತ ಉಳಿಯುವುದು ಪೈಪಿನ ದಪ್ಪದ ಒಂದು ಉಂಗುರ ಮಾತ್ರ. ಎರಡು-ಮೂರು ನಿಮಿಷ ಅಷ್ಟೇ, ಆಮೇಲೆ ಮತ್ತೆ ಒಂದು ಕಡೆಯಿಂದ ಕತ್ತಲೆ ಒತ್ತಿಕೊಂಡು ಬರುತ್ತದೆ. ಪೈಪ್ ಇಲ್ಲದಿದ್ದರೆ ಗೋಡೆ ನೆಟ್ಟಗಿರುವ ಉದ್ದನೆಯ ಡಬ್ಬವೂ ಆದೀತು. ಕಣ್ಣಿಗೆ ಕನ್ನಡಕ ಬೇಕಾ ಅಂತ ಯಾರೋ ಕೇಳುತ್ತಿದ್ದರು. ನೋಡುವುದು ನೆಲ ಕಣ್ರೀ, ಆಕಾಶ ಅಲ್ಲ. ಯಾವ ರಾಶಿಗೆ ಏನು ಫಲ ಅನ್ನುವ ಚರ್ಚೆಗಳ ಬಗ್ಗೆ ನಾನೇನೂ ಹೇಳುವುದಿಲ್ಲ.

ದಿನ ತಪ್ಪಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ಸಮಯದಲ್ಲಿ ಸೂರ್ಯ ದಿನಕ್ಕೆ ಸರಿಯುವುದು ಡಿಗ್ರಿಯ ಮೂರನೇ ಒಂದು ಭಾಗ. ಮರುದಿನ ನೋಡಿದರೂ ಒಂದು ಮೀಟರ್ ಕೋಲಿನ ನೆರಳು ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತಪ್ಪಬಾರದ್ದು ನಿಮಿಷ.

ಇನ್ನೂ ಮಜಾ ಬೇಕೆಂದರೆ ಕಲಬುರಗಿಯಲ್ಲಿ ಒಬ್ಬ ಸ್ನೇಹಿತರನ್ನು ಹಿಡಿಯಿರಿ. ಕಲಬುರಗಿ ನಮಗೆ ಬಹುತೇಕ ನೇರ ಉತ್ತರಕ್ಕಿದೆ. ಇಲ್ಲಿ ನೆರಳು ಮಾಯವಾದ ಹೊತ್ತಿಗೆ ಅಲ್ಲಿ ಒಂದು ಮೀಟರ್ ಕೋಲು ನೆಟ್ಟರೆ ಏಳೂವರೆ ಸೆಂಟಿಮೀಟರ್ ನೆರಳು ಬೀಳುತ್ತದೆ. ಕೋನದ ಲೆಕ್ಕದಲ್ಲಿ ಅದು ಸುಮಾರು 4.3 ಡಿಗ್ರಿ. ಎರಡೂ ಊರಿನ ನಡುವಿನ ಉತ್ತರ-ದಕ್ಷಿಣ ದೂರ ಸುಮಾರು 480 ಕಿಲೋಮೀಟರ್ (ಬಸ್ಸಿನ ದೂರ ಅಲ್ಲ, ಮ್ಯಾಪಿನಲ್ಲಿ ನೇರ ಗೆರೆ ಎಳೆದು ಅಳೆಯಿರಿ). 480ನ್ನು 4.3ರಿಂದ ಭಾಗಿಸಿ 360ರಿಂದ ಗುಣಿಸಿದರೆ ಹೆಚ್ಚುಕಮ್ಮಿ 40,000 ಬರುತ್ತದೆ. ಅದು ಭೂಮಿಯ ಸುತ್ತಳತೆ! ಎರಟೋಸ್ತನೀಸ್ ಎಂಬ ಗ್ರೀಕ್ ಪಂಡಿತ ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಮಾಡಿದ್ದು ಇದನ್ನೇ. ಎರಡು ಊರು, ಒಂದು ಊರಿನಲ್ಲಿ ನೆರಳಿಲ್ಲ, ಇನ್ನೊಂದರಲ್ಲಿ ಇದೆ. ನಮ್ಮ ಶಾಲೆಗಳು ಆ ದಿನ ಮಕ್ಕಳನ್ನು ಹೊರಗೆ ನಿಲ್ಲಿಸಿ ಫೋಟೋ ತೆಗೆಯುವ ಬದಲು ಈ ಲೆಕ್ಕ ಮಾಡಿಸಬಾರದೇ? ಏಪ್ರಿಲ್ ಕೊನೆಗೆ ಬೇಸಿಗೆ ರಜೆ ಇರುತ್ತದೆ, ಸರಿ. ಆಗಸ್ಟ್‌ನಲ್ಲಿ ಇರುವುದಿಲ್ಲವಲ್ಲ.

ಸುದ್ದಿಯಲ್ಲಿ ಬಾರದ ಇನ್ನೊಂದು ವಿಷಯ: ಏಪ್ರಿಲ್‌ನ ಆ ದಿನದಿಂದ ಆಗಸ್ಟ್‌ವರೆಗೆ ನಮ್ಮ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಕುಂಡದಲ್ಲಿ ಗಿಡ ಬೆಳೆಸುವವರಿಗೆ ಇದು ಗೊತ್ತಿರಬೇಕು. ಕಾಂಪೌಂಡ್ ಗೋಡೆಯ ಉತ್ತರದ ಪಕ್ಕ ಇಟ್ಟ ಮಲ್ಲಿಗೆ ಡಿಸೆಂಬರ್‌ನಲ್ಲಿ ನೆರಳಲ್ಲೇ ಕೊರಗುತ್ತದೆ. ಆಗ ಐದು ಅಡಿ ಗೋಡೆಯ ನೆರಳು ಮಧ್ಯಾಹ್ನವೂ ಮೂರೂವರೆ ಅಡಿಗಿಂತ ಜಾಸ್ತಿ. ಅದೇ ಗಿಡಕ್ಕೆ ಮೇ ತಿಂಗಳಲ್ಲಿ ನೆತ್ತಿ ಸುಡುವಷ್ಟು ಬಿಸಿಲು. ಸಿಗ್ನಲ್ ಬಿದ್ದಾಗ ಇಪ್ಪತ್ತು ಅಡಿ ಹಿಂದೆಯೇ ನೆರಳು ಹುಡುಕಿ ಗಾಡಿ ನಿಲ್ಲಿಸುವ ನಮ್ಮ ಟೂ-ವೀಲರ್ ಜನಕ್ಕೂ ಏಪ್ರಿಲ್ ಕೊನೆ ಕಷ್ಟದ ಕಾಲ. ಆ ಹೊತ್ತಿಗೆ ಕಂಬದ ನೆರಳು ಕಂಬಕ್ಕೇ ಸಾಲದು, ಮರ ಇಲ್ಲವೇ ಫ್ಲೈಓವರ್ರೇ ಗತಿ.

ಹಾಗಾದರೆ ಸೆಖೆಗೂ ಇದೇ ಕಾರಣವಾ ಅಂದರೆ, ಪೂರ್ತಿ ಅಲ್ಲ. ಬೆಂಗಳೂರಿನಲ್ಲಿ 39.2 ಡಿಗ್ರಿ ಮುಟ್ಟಿದ್ದು 2016ರ ಏಪ್ರಿಲ್ ಕೊನೆಯಲ್ಲೇ, ನಿಜ. ಆದರೆ ಆಗಸ್ಟ್‌ನಲ್ಲೂ ಸೂರ್ಯ ಅಷ್ಟೇ ನೆತ್ತಿಯ ಮೇಲಿರುತ್ತಾನೆ, ಆಗ ಮಧ್ಯಾಹ್ನದ ಬಿಸಿ 28ರ ಆಸುಪಾಸು. ಮೋಡಕ್ಕೆ, ಒದ್ದೆ ನೆಲಕ್ಕೆ ಅಷ್ಟು ಶಕ್ತಿ ಇದೆ.

ಒಬ್ಬರೇ ನೋಡಲು ಬೇಸರ ಅನ್ನಿಸಿದರೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರು (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್) ಹಿಂದೆ ಜನರನ್ನು ಕರೆದು ತೋರಿಸಿದ್ದಾರೆ, ಆ ವಾರ ಅವರ ಪ್ರಕಟಣೆ ಇದೆಯಾ ನೋಡಿ. ದೆಹಲಿಯ ನೆಂಟರು ಫೋನ್ ಮಾಡಿ "ನಮ್ಮೂರಿನಲ್ಲಿ ಯಾವಾಗ?" ಅಂತ ಕೇಳಿದರೆ ಯಾವತ್ತೂ ಇಲ್ಲ ಅನ್ನಿ. 28 ಡಿಗ್ರಿಯ ಆಚೆಗಿರುವ ಅವರ ನೆತ್ತಿಗೆ ಸೂರ್ಯ ಬರುವುದೇ ಇಲ್ಲ. ಬೀದರ್‌ನವರು ಕೇಳಿದರೆ ಮೇ ಎರಡನೇ ವಾರ.